ವರ್ಗವಾಗಿ ಬಂದ ಊರು ನಮ್ಮೂರಾಗಲು: ಮೊದಲ ವರ್ಷದ ಮಾರ್ಗದರ್ಶಿ

ಬ್ಯಾಂಕು, ಶಾಲೆ, ಆಸ್ಪತ್ರೆ, ಅರಣ್ಯ ಇಲಾಖೆ, ವಿದ್ಯುತ್ ಕಂಪನಿ ಇಂಥ ಕಡೆ ಕೆಲಸ ಮಾಡುವವರಿಗೆ ವರ್ಗ ತಪ್ಪಿದ್ದಲ್ಲ. ಈಚೆಗೆ ಲ್ಯಾಪ್‌ಟಾಪ್ ಹಿಡಿದು ಬೆಂಗಳೂರು ಬಿಟ್ಟು ಸಾಗರ, ಶಿರಸಿ, ಸಕಲೇಶಪುರದ ಕಡೆ ಮನೆ ಮಾಡುವವರೂ ಇದ್ದಾರೆ. ಮನೆ ಸಿಗುತ್ತದೆ, ಗ್ಯಾಸ್ ಬರುತ್ತದೆ, ಮಕ್ಕಳಿಗೆ ಶಾಲೆಯೂ ಆಗುತ್ತದೆ. ಆದರೆ ಆರು ತಿಂಗಳು ಕಳೆದರೂ ಓಣಿಯವರು ನಿಮ್ಮನ್ನು ‘ಬ್ಯಾಂಕಿನವರು’, ‘ಬೆಂಗಳೂರಿನವರು’ ಎಂದಷ್ಟೇ ಗುರುತಿಸುತ್ತಾರೆ. ಸಂಜೆ ಆರು ದಾಟಿದರೆ ಮಾತಾಡಲು ಒಬ್ಬರೂ ಇರುವುದಿಲ್ಲ. ಇದಕ್ಕೆ ಹೆಚ್ಚಿನ ಸಲ ನಿಮ್ಮ ದಿನಚರಿಯೇ ಕಾರಣ, ದಿನಚರಿಯನ್ನು ಬದಲಿಸಿಕೊಳ್ಳಬಹುದು.

ತಾಲ್ಲೂಕು ಕೇಂದ್ರದಂಥ ಊರಿನಲ್ಲಿ ಬಳಕೆ ಬೆಳೆಯುವುದು ಎರಡು ದಾರಿಯಲ್ಲಿ. ಒಂದು, ಅದೇ ಜಾಗದಲ್ಲಿ ಅದೇ ಹೊತ್ತಿಗೆ ಮತ್ತೆ ಮತ್ತೆ ಕಣ್ಣಿಗೆ ಬೀಳುವುದು. ಇನ್ನೊಂದು, ಸಣ್ಣಪುಟ್ಟ ಕೊಡು-ಕೊಳ್ಳು. ಯಾರ ಹಂಗೂ ಬೇಡವೆಂದು ಎಲ್ಲವನ್ನೂ ತಾವೇ ಹೊಂದಿಸಿಕೊಳ್ಳುವವರು ಸಭ್ಯರೆನಿಸಿಕೊಳ್ಳುತ್ತಾರೆ, ಊರಿನವರಾಗುವುದಿಲ್ಲ. ಮುಂದಿನ ಹೆಜ್ಜೆಗಳೆಲ್ಲ ಈ ಎರಡನ್ನು ನಂಬಿಕೊಂಡಿವೆ.

ಮನೆ ಹಿಡಿಯುವಾಗ

ಬೈಪಾಸ್ ಆಚೆಯ ಹೊಸ ಬಡಾವಣೆಯಲ್ಲಿ ಕಾರು ನಿಲ್ಲಿಸಲು ಜಾಗವಿದೆ, ಗಾಳಿ ಬೆಳಕು ಚೆನ್ನಾಗಿದೆ. ಆದರೆ ಅಲ್ಲಿ ಅರ್ಧಕ್ಕರ್ಧ ಸೈಟು ಖಾಲಿ. ಇರುವ ಮನೆಗಳಿಗೆ ಎತ್ತರದ ಕಾಂಪೌಂಡು, ಎಲ್ಲರೂ ಗೇಟಿನೊಳಗಿಂದಲೇ ಬೈಕು ಹತ್ತಿ ಹೋಗುವವರು. ಪೇಟೆಗೆ ಹತ್ತು ನಿಮಿಷ ನಡೆದರೆ ಸಾಕು ಎನ್ನುವ ಹಳೆಯ ಓಣಿಯಲ್ಲಿ ಮನೆ ಸಿಕ್ಕರೆ ಒಂದು ಕೋಣೆ ಕಡಿಮೆಯಿದ್ದರೂ ಅದನ್ನೇ ಹಿಡಿಯಿರಿ. ಜಗಲಿಯೋ ಮುಂಬಾಗಿಲ ಮೆಟ್ಟಿಲೋ ಬೀದಿಗೆ ತೆರೆದಿರಬೇಕು. ಸಂಜೆ ಅಲ್ಲಿ ಅರ್ಧ ಗಂಟೆ ಕೂತು ಅವರೆಕಾಯಿ ಬಿಡಿಸಿದರೆ ಆಗುವ ಪರಿಚಯ ಒಂದು ತಿಂಗಳ ವಾಟ್ಸ್‌ಆ್ಯಪ್‌ನಿಂದ ಆಗುವುದಿಲ್ಲ.

ಮನೆ ನೋಡಲು ಹೋದಾಗ ಬಾಡಿಗೆಗಿಂತ ಮೊದಲು ನೀರು ಕೇಳಿ. ಎಷ್ಟು ದಿನಕ್ಕೊಮ್ಮೆ ಬಿಡುತ್ತಾರೆ, ಎಷ್ಟು ಹೊತ್ತಿಗೆ, ಎಷ್ಟು ಗಂಟೆ? ಸಂಪು ಎಷ್ಟು ಲೀಟರಿನದು? ನಾಲ್ಕು ಜನರ ಮನೆಗೆ ತಲೆಗೆ ದಿನಕ್ಕೆ 100 ಲೀಟರಿನಂತೆ ಹಿಡಿದರೂ 400 ಲೀಟರ್ ಬೇಕು. ಐದು ದಿನಕ್ಕೊಮ್ಮೆ ನೀರು ಬಿಡುವ ಊರಾದರೆ ಸಂಪು, ಮೇಲಿನ ಟ್ಯಾಂಕು ಸೇರಿ ಕನಿಷ್ಠ 2,000 ಲೀಟರ್ ಹಿಡಿಯಬೇಕು. ವಾಲ್ವ್ ತಿರುಗಿಸುವವರು ಯಾರೆಂದೂ ಕೇಳಿಡಿ. ಬೇಸಿಗೆಯಲ್ಲಿ ಇಡೀ ಓಣಿಗೆ ಅವರಷ್ಟು ಮುಖ್ಯರಾದವರು ಇನ್ನೊಬ್ಬರಿಲ್ಲ.

ಈ ನೀರಿನ ವಿಚಾರವನ್ನು ಇಷ್ಟು ಬೆಳೆಸಲು ಕಾರಣವಿದೆ. ಬೆಳಿಗ್ಗೆ ಹನ್ನೊಂದಕ್ಕೆ ನಲ್ಲಿಯಲ್ಲಿ ನೀರು ಬಂದಾಗ ನೀವು ಕಚೇರಿಯಲ್ಲಿರುತ್ತೀರಿ. ಪಕ್ಕದ ಮನೆಯವರು ನಿಮ್ಮ ಸಂಪಿನ ನಲ್ಲಿ ತಿರುಗಿಸಿ, ತುಂಬಿದ ಮೇಲೆ ನಿಲ್ಲಿಸಬೇಕು. ಬಹಳ ಜನ ಇದಕ್ಕೆ ಸಂಕೋಚಪಟ್ಟು ಟ್ಯಾಂಕರ್ ತರಿಸುತ್ತಾರೆ. ಸಂಕೋಚ ಬೇಡ. ‘ನೀರು ಬಂದಾಗ ನಮ್ಮದೊಂದು ತಿರುಗಿಸ್ತೀರಾ?’ ಎಂದು ಕೇಳಿ, ಸಂಪಿನ ಮುಚ್ಚಳದ ಕೀಲಿ ಅವರ ಮನೆಯಲ್ಲಿಡಿ. ರಜೆಯ ದಿನ ನೀರು ಬಂದರೆ ನೀವು ಅವರದನ್ನು ತಿರುಗಿಸಿ. ಊರಿನಲ್ಲಿ ನಿಮ್ಮ ಮೊದಲ ಕೊಡು-ಕೊಳ್ಳು ಹೀಗೆ ಶುರುವಾಗುತ್ತದೆ.

ಮನೆ ಕೇಳುವಾಗಲೇ ಜಾತಿ ಕೇಳುವ ಪಿಡುಗನ್ನು ಇಲ್ಲಿ ಮುಚ್ಚಿಡುವುದು ಸರಿಯಲ್ಲ. ದಲಿತ ಮತ್ತು ಮುಸ್ಲಿಂ ನೌಕರರಿಗೆ ‘ಈಗಷ್ಟೇ ಬೇರೆಯವರಿಗೆ ಮಾತು ಕೊಟ್ವಿ’ ಎಂಬ ಉತ್ತರ ಇವತ್ತಿಗೂ ಸಿಗುತ್ತದೆ. ತಪ್ಪು ಮನೆ ಕೊಡದವರದು, ಸರಿಪಡಿಸುವ ಹೊಣೆಯನ್ನು ಬಂದವರ ಮೇಲೆ ಹೊರಿಸಬಾರದು. ಅಲೆದಾಟ ತಗ್ಗಿಸಲು ಒಂದೆರಡು ದಾರಿಗಳಿವೆ. ಇಲಾಖೆಯ ವಸತಿಗೃಹ ಖಾಲಿಯಿದೆಯೇ ಎಂದು ಆದೇಶ ಕೈಸೇರಿದ ದಿನವೇ ಅರ್ಜಿ ಹಾಕಿ. ಊರಿನಲ್ಲಿ ಮೂರ್ನಾಲ್ಕು ವರ್ಷ ಇರುವ ಸಹೋದ್ಯೋಗಿಯ ಮೂಲಕ ಮಾಲೀಕರ ಜೊತೆ ಮೊದಲೇ ಫೋನಿನಲ್ಲಿ ನೇರವಾಗಿ ಮಾತಾಡಿ. ಜಾತಿ ಮರೆಮಾಚಿ ಮನೆ ಹಿಡಿಯುವ ಸಲಹೆ ಕೊಡುವವರೂ ಇರುತ್ತಾರೆ. ಅದು ದಿನವೂ ಹೆದರಿಕೆಯಲ್ಲಿ ಬದುಕುವ ದಾರಿ, ನಾವು ಅದನ್ನು ಹೇಳುವುದಿಲ್ಲ. ಜೊತೆಯಲ್ಲಿ ಕೆಲಸ ಮಾಡುವವರು ಇಂಥ ಹೊತ್ತಿನಲ್ಲಿ ಸುಮ್ಮನಿರದೆ ಒಟ್ಟಿಗೆ ಹೋಗಿ ಮಾತಾಡಬೇಕು. ಊರಿನವರ ಮಾತಿಗೆ ಅಲ್ಲಿ ತೂಕ ಜಾಸ್ತಿ.

ಮೊದಲ ವಾರ: ನಾಲ್ಕು ಮನೆ, ನಾಲ್ಕು ಪ್ರಶ್ನೆ

ಹಾಲು ಉಕ್ಕಿಸಿದ ದಿನವೋ ಮರುದಿನವೋ ಎಡ, ಬಲ, ಎದುರು, ಹಿಂದೆ ಹೀಗೆ ನಾಲ್ಕು ಮನೆಗೆ ನೀವೇ ಹೋಗಿ. ಸಂಜೆ ಐದರಿಂದ ಆರೂವರೆ ಒಳ್ಳೆಯ ಹೊತ್ತು, ದೀಪ ಹಚ್ಚುವ ಹೊತ್ತಿಗೆ ಎದ್ದುಬಿಡಿ. ಕೈಯಲ್ಲಿ ಬಾಳೆಹಣ್ಣೋ ಮನೆಯಲ್ಲಿ ಮಾಡಿದ ಸಿಹಿಯೋ ಇದ್ದರೆ ಸಾಕು. ಪೆಟ್ಟಿಗೆ ಕಟ್ಟಿದ ದುಬಾರಿ ಸಿಹಿ ಬೇಡ, ಅದು ಅವರಿಗೆ ಮುಜುಗರ. ಹತ್ತು ನಿಮಿಷಕ್ಕಿಂತ ಹೆಚ್ಚು ಕೂರಬೇಡಿ. ಕಾಫಿ ಕೊಟ್ಟರೆ ‘ಬೇಡ’ ಅನ್ನಬೇಡಿ, ಕುಡಿಯದವರಾದರೆ ನೀರು ಕೇಳಿ ತೆಗೆದುಕೊಳ್ಳಿ. ಕರಾವಳಿ, ಮಲೆನಾಡಿನ ಮನೆಗಳಲ್ಲಿ ಬೆಲ್ಲ ನೀರು ಇಡುತ್ತಾರೆ, ಕವಳದ ತಟ್ಟೆ ಮುಂದೆ ತರುತ್ತಾರೆ. ಎಲೆ ಅಡಿಕೆ ಹಾಕುವ ಅಭ್ಯಾಸವಿಲ್ಲದಿದ್ದರೆ ಒಂದು ಅಡಿಕೆ ಚೂರನ್ನಾದರೂ ಎತ್ತಿಕೊಳ್ಳುವುದು ಮರ್ಯಾದೆ.

ಹೋದಾಗ ಏನಾದರೊಂದು ಕೇಳಿ ಬನ್ನಿ. ಕಸದ ಗಾಡಿ ಎಷ್ಟೊತ್ತಿಗೆ? ಒಳ್ಳೆಯ ಹಾಲು ಎಲ್ಲಿ? ರಾತ್ರಿ ಮಗುವಿಗೆ ಜ್ವರ ಬಂದರೆ ಯಾವ ಡಾಕ್ಟರು ಬಾಗಿಲು ತೆಗೆಯುತ್ತಾರೆ? ಕೇಳಿದರೆ ಎದುರಿನವರಿಗೆ ಹೇಳಿಕೊಡುವ ಸಂತೋಷ, ನಿಮಗೆ ನಾಳೆ ಮತ್ತೆ ಮಾತಾಡಿಸಲು ಒಂದು ನೆಪ.

ಅವರೂ ಕೇಳುತ್ತಾರೆ. ಯಾವೂರು, ಯಾರ ಪೈಕಿ, ಎಲ್ಲಿ ಕೆಲಸ, ಮಕ್ಕಳೆಷ್ಟು. ನಗರದಿಂದ ಬಂದವರಿಗೆ ಇದು ತಲೆ ಹಾಕುವುದೆನಿಸುತ್ತದೆ. ಕೇಳುವವರು ಹುಡುಕುತ್ತಿರುವುದು ಒಂದು ಕೊಂಡಿಯನ್ನು. ಅವರ ಸೋದರತ್ತೆಯನ್ನು ನಿಮ್ಮ ತಾಲ್ಲೂಕಿಗೆ ಕೊಟ್ಟಿರಬಹುದು, ಅಲ್ಲಿನ ಮಠದಲ್ಲಿ ಅವರಣ್ಣ ಓದಿರಬಹುದು. ಹಾಗಾಗಿ ‘ಬೆಂಗಳೂರು’ ಎಂದು ನಿಲ್ಲಿಸದೆ ಹುಟ್ಟಿದ ಊರು, ತಾಲ್ಲೂಕು ಹೇಳಿ. ‘ಯಾರ ಪೈಕಿ’ ಎಂಬುದರಲ್ಲಿ ಜಾತಿಯ ವಿಚಾರಣೆಯೂ ಸೇರಿರಬಹುದು. ಉತ್ತರಿಸಲು ಮನಸ್ಸಿಲ್ಲದಿದ್ದರೆ ‘ನಮ್ಮದು ಇಂಥ ಊರು, ಅಪ್ಪ ಮೇಷ್ಟ್ರಾಗಿದ್ರು’ ಎಂದು ಮನೆತನದ ಕೆಲಸ ಹೇಳಿ ಮಾತು ಮುಂದೆ ಒಯ್ಯಬಹುದು. ಎರಡನೇ ಸಲ ಒತ್ತಿ ಕೇಳುವವರು ಕಡಿಮೆ.

ಮನೆಯಿಂದಲೇ ಕೆಲಸ ಮಾಡುವವರು ತಮ್ಮ ಕೆಲಸವನ್ನು ಒಂದೇ ವಾಕ್ಯದಲ್ಲಿ ಹೇಳಲು ಕಲಿಯಬೇಕು. ‘ಆಸ್ಪತ್ರೆಗಳ ಬಿಲ್ಲಿನ ಕಂಪ್ಯೂಟರ್ ಕೆಲಸ, ಮನೆಯಿಂದಲೇ ಮಾಡ್ತೀನಿ, ಬೆಳಿಗ್ಗೆ ಹತ್ತರಿಂದ ಏಳು’ ಎಂದರೆ ಸಾಕು. ಹೀಗೆ ಹೇಳದಿದ್ದರೆ ಹಗಲೆಲ್ಲ ಬಾಗಿಲು ಹಾಕಿಕೊಂಡಿರುವವರ ಬಗ್ಗೆ ಊರೇ ಒಂದು ಕತೆ ಕಟ್ಟುತ್ತದೆ. ಹೊತ್ತು ಹೇಳುವುದರಿಂದ ಮಧ್ಯಾಹ್ನ ಹರಟೆಗೆ ಬಂದು ಬಾಗಿಲು ತಟ್ಟುವುದೂ ನಿಲ್ಲುತ್ತದೆ.

ಮೊದಲ ಮೂರು ತಿಂಗಳು: ಮೂರು ಜಾಗ ಗೊತ್ತು ಮಾಡಿಕೊಳ್ಳಿ

ಬೆಳಿಗ್ಗೆ ಒಂದು, ಸಂಜೆ ಒಂದು, ವಾರಕ್ಕೊಂದು. ಮೂರಕ್ಕಿಂತ ಹೆಚ್ಚು ಆರಿಸಿಕೊಂಡರೆ ಯಾವುದರಲ್ಲೂ ನಿಲ್ಲುವುದಿಲ್ಲ.

ಬೆಳಗಿನ ಜಾಗ ಹೈಸ್ಕೂಲ್ ಮೈದಾನ, ಹಾಲಿನ ಬೂತು, ಇಡ್ಲಿ ಹೋಟೆಲು ಯಾವುದೂ ಆಗಬಹುದು. ಹೊತ್ತು ಮಾತ್ರ ಬದಲಾಗಬಾರದು. ಆರೂವರೆಗೆ ಬರುವವರ ಗುಂಪೇ ಬೇರೆ, ಏಳೂವರೆಯವರೇ ಬೇರೆ. ಇವತ್ತು ಆರಕ್ಕೆ, ನಾಳೆ ಎಂಟಕ್ಕೆ ಹೋಗುವವರು ವರ್ಷವಾದರೂ ಎರಡೂ ಗುಂಪಿಗೆ ಹೊಸಬರೇ. ಮೊದಲ ಎರಡು ವಾರ ನೋಡಿ ನಕ್ಕರೆ ಸಾಕು, ಮಾತಿಗೆ ಆತುರಪಡಬೇಡಿ. ಇಯರ್‌ಫೋನ್ ಮಾತ್ರ ಮನೆಯಲ್ಲೇ ಬಿಟ್ಟು ಹೋಗಿ. ಉತ್ತರ ಕರ್ನಾಟಕದ ಊರಿನಲ್ಲಿ ಒಬ್ಬರೇ ಇರುವವರಿಗೆ ಖಾನಾವಳಿಯೇ ದೊಡ್ಡ ಆಸರೆ. ತಿಂಗಳ ಲೆಕ್ಕಕ್ಕೆ ಊಟ ಹಚ್ಚಿ, ರಾತ್ರಿ ಒಂದೇ ಹೊತ್ತಿಗೆ ಹೋಗಿ. ತಿಂಗಳೊಳಗೆ ಎದುರಿಗೆ ಕೂರುವ ಮುಖಗಳು ಗೊತ್ತಾಗುತ್ತವೆ. ಒಂದು ದಿನ ತಪ್ಪಿಸಿದರೆ ‘ನಿನ್ನಿ ಯಾಕ ಬರಲಿಲ್ರಿ?’ ಎಂದು ಬಡಿಸುವವರು ಕೇಳುತ್ತಾರೆ.

ಸಂಜೆಗೆ ಸರ್ಕಾರಿ ಗ್ರಂಥಾಲಯ ಒಳ್ಳೆಯ ಜಾಗ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಡಿ ಆಸ್ತಿ ತೆರಿಗೆಯ ಜೊತೆ ವಸೂಲಾಗುವ ಕರದಿಂದ ನಡೆಯುವ ಈ ಗ್ರಂಥಾಲಯಗಳಲ್ಲಿ ಸಣ್ಣ ಠೇವಣಿ ಕಟ್ಟಿ ಸದಸ್ಯರಾಗಬಹುದು. ಪತ್ರಿಕೆ ಓದಲು ಅದೂ ಬೇಕಿಲ್ಲ. ಸಾಮಾನ್ಯವಾಗಿ ಸೋಮವಾರ ರಜೆ. ನಿವೃತ್ತ ಮೇಷ್ಟ್ರುಗಳು, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ದಿನವೂ ಬರುತ್ತಾರೆ. ನಿಮಗೆ ಗಣಿತವೋ ಇಂಗ್ಲಿಷೋ ಬರುತ್ತದೆಂದು ಅವರಿಗೆ ಗೊತ್ತಾದರೆ ಪ್ರಶ್ನೆಪತ್ರಿಕೆ ಹಿಡಿದು ಅವರೇ ಹತ್ತಿರ ಬರುತ್ತಾರೆ. ಮಹಿಳೆಯರಿಗೆ ಇಂಥ ಸಾರ್ವಜನಿಕ ಜಾಗ ಸಣ್ಣ ಊರಿನಲ್ಲಿ ಕಡಿಮೆ ಎಂಬುದು ನಿಜ. ಆ ಕೊರತೆ ತುಂಬುವುದು ಟೈಲರ್ ಅಂಗಡಿ. ರವಿಕೆ ಹೊಲಿಸಲು ಬಂದವರು ಅರ್ಧ ಗಂಟೆ ಕೂತು ಹೋಗುವ ಜಾಗ ಅದು. ಭಜನಾ ಮಂಡಳಿ ಯಾವ ವಾರ, ಮನೆಕೆಲಸಕ್ಕೆ ಯಾರು ಸಿಗುತ್ತಾರೆ, ಯಾವ ಶಾಲೆಯಲ್ಲಿ ಒಳ್ಳೆಯ ಟೀಚರ್ ಇದ್ದಾರೆ ಎಂಬುದೆಲ್ಲ ಅಲ್ಲಿ ತಿಳಿಯುತ್ತದೆ.

ವಾರದ ಜಾಗ ಸಂತೆ. ಸಂತೆ ಯಾವ ವಾರವೆಂದು ಬಂದ ದಿನವೇ ಕೇಳಿಕೊಳ್ಳಿ. ಆ ದಿನ ಕಚೇರಿಯಿಂದ ಬೇಗ ಹೊರಡುವುದನ್ನು ಊರಿನವರು ತಪ್ಪೆಂದುಕೊಳ್ಳುವುದಿಲ್ಲ. ಬಟ್ಟೆಯ ಎರಡು ಚೀಲ, ಹತ್ತು ಇಪ್ಪತ್ತರ ಚಿಲ್ಲರೆ ಇರಲಿ. ಮೊದಲ ಸಲ ಏನೂ ಕೊಳ್ಳದೆ ಒಂದು ಸುತ್ತು ಹಾಕಿ. ಕಾಯಂ ಜಾಗದಲ್ಲಿ ಗೋಣಿ ಹಾಸಿ, ತಾವೇ ಬೆಳೆದದ್ದನ್ನು ಮಾರಲು ತಂದವರು ಯಾರು, ಮಂಡಿಯಿಂದ ತಂದು ಮಾರುವವರು ಯಾರು ನೋಡಿ. ತಾವೇ ಬೆಳೆದವರ ರಾಶಿ ಚಿಕ್ಕದು. ಬದನೆ ಒಂದೇ ಗಾತ್ರದ್ದಿರುವುದಿಲ್ಲ, ಸೊಪ್ಪಿನ ಬುಡದಲ್ಲಿ ಮಣ್ಣಿರುತ್ತದೆ. ಸೊಪ್ಪಿಗೆ ಒಬ್ಬರು, ತರಕಾರಿಗೆ ಒಬ್ಬರು, ಮೆಣಸಿನಕಾಯಿ ಬೆಳ್ಳುಳ್ಳಿಗೆ ಒಬ್ಬರು ಹೀಗೆ ಮೂವರನ್ನು ಆರಿಸಿಕೊಂಡು ಪ್ರತಿ ವಾರ ಅವರ ಹತ್ತಿರವೇ ಹೋಗಿ.

ಐದು ರೂಪಾಯಿಗೆ ಚೌಕಾಸಿ ಮಾಡಬೇಡಿ, ಕೊಸರು ಕೇಳಿ. ತೂಗಿದ ಮೇಲೆ ‘ಒಂದಿಷ್ಟು ಕೊಸರು ಹಾಕಿ’ ಎಂದರೆ ಒಂದು ಹಿಡಿ ಹಸಿಮೆಣಸಿನಕಾಯಿಯೋ ನಾಲ್ಕು ಎಸಳು ಕೊತ್ತಂಬರಿಯೋ ಚೀಲಕ್ಕೆ ಬೀಳುತ್ತದೆ. ಬೆಲೆ ಇಳಿಸಿ ಎಂದರೆ ಮಾರುವವರ ಮುಖ ಬಿಗಿಯುತ್ತದೆ, ಕೊಸರು ಕೇಳಿದರೆ ನಗುತ್ತಾರೆ. ಐದಾರು ಸಂತೆಯೊಳಗೆ ನಿಮಗೆಂದು ಎಳೆ ಹೀರೇಕಾಯಿ ಪಕ್ಕಕ್ಕಿಡಲು ಶುರು ಮಾಡುತ್ತಾರೆ. ‘ಹೋದ ವಾರ ಬರಲಿಲ್ಲ’ ಎಂಬ ಮಾತು ಬಂತೆಂದರೆ ಆ ಸಂತೆಯಲ್ಲಿ ನಿಮಗೊಂದು ಲೆಕ್ಕವಾಯಿತು. ದಿನಸಿ, ತರಕಾರಿಯೆಲ್ಲ ಮೊಬೈಲಿನಲ್ಲಿ ತರಿಸಿಕೊಳ್ಳುವವರು ಕಳೆದುಕೊಳ್ಳುವುದು ಇದನ್ನೇ. ಊರಿನಲ್ಲಿ ಸಿಗದ್ದನ್ನು ಮಾತ್ರ ತರಿಸಿ, ಉಳಿದದ್ದು ಮೂಲೆಯಂಗಡಿಯಲ್ಲೇ ಆಗಲಿ.

ಪಾತ್ರೆ, ಮುಯ್ಯಿ, ಚಂದಾ

ಪಕ್ಕದ ಮನೆಯಿಂದ ಸ್ಟೀಲ್ ಡಬ್ಬಿಯಲ್ಲಿ ಹುಳಿ ಬಂತು, ಇಲ್ಲವೇ ಹಬ್ಬದ ದಿನ ಹೋಳಿಗೆ. ಡಬ್ಬಿ ತೊಳೆದು ಖಾಲಿ ಕೊಡಬಾರದು. ಒಂದು ಹಿಡಿ ಸಕ್ಕರೆ, ಎರಡು ನಿಂಬೆಹಣ್ಣು, ಒಂದೆಳೆ ಕರಿಬೇವು ಏನಾದರೂ ಹಾಕಿ ಕೊಡಿ. ಮರುದಿನವೇ ಅದಕ್ಕೆ ಸಮನಾಗಿ ನೀವೂ ಹೋಳಿಗೆ ಮಾಡಿ ಕೊಟ್ಟರೆ ಲೆಕ್ಕ ಚುಕ್ತಾ ಮಾಡಿದಂತೆ ಕಾಣುತ್ತದೆ. ಹತ್ತು ಹದಿನೈದು ದಿನ ಬಿಟ್ಟು, ನಿಮ್ಮ ಊರ ಕಡೆಯದ್ದೇನಾದರೂ ಮಾಡಿದಾಗ ಕೊಡಿ. ನಡುವಿನ ಆ ದಿನಗಳಲ್ಲಿ ಕೊಡುವುದೊಂದು ಬಾಕಿಯಿದೆ ಎಂಬುದೇ ಎರಡು ಮನೆಗಳ ನಡುವಿನ ದಾರಿ. ಯಾರು ಏನು ತಿನ್ನುತ್ತಾರೆಂದು ಕೇಳಿಕೊಂಡು ಕೊಡುವುದು ಕ್ಷೇಮ. ಏಕಾದಶಿ, ಸೋಮವಾರ, ರಂಜಾನ್ ಉಪವಾಸದ ಹಗಲು ಅಡುಗೆ ಕಳಿಸುವುದು ಬೇಡ.

ಮದುವೆಯ ಕರೆಯೋಲೆ ಬಂದರೆ, ಗುರುತು ಅಷ್ಟಕ್ಕಷ್ಟೇ ಇದ್ದರೂ ಹೋಗಿ. ಛತ್ರದ ಬಾಗಿಲ ಹತ್ತಿರವೋ ಊಟದ ಮನೆಯ ಪಕ್ಕವೋ ಒಬ್ಬರು ನೋಟ್‌ಬುಕ್ ಹಿಡಿದು ಮುಯ್ಯಿ ಬರೆಯುತ್ತಿರುತ್ತಾರೆ. ಹೆಸರಿನ ಜೊತೆ ಓಣಿ, ಕೆಲಸ ಬರೆಸಿ. ಆ ಪುಸ್ತಕ ಬೀರುವಿನಲ್ಲಿ ವರ್ಷಗಟ್ಟಲೆ ಇರುತ್ತದೆ, ನಿಮ್ಮ ಮನೆಯ ಕಾರ್ಯಕ್ಕೆ ಬರುವ ಮೊದಲು ಅವರು ಅದನ್ನು ತೆರೆದು ನೋಡುತ್ತಾರೆ. ಇಲ್ಲಿ ಆಗುವ ತಪ್ಪು ದೊಡ್ಡ ಮೊತ್ತ ಕೊಡುವುದು. ನಿಮ್ಮ 2,000 ರೂಪಾಯಿಯನ್ನು ಅವರು ಅಷ್ಟೇ ಆಗಿ ತಿರುಗಿಸಬೇಕು. ಅದು ಉಡುಗೊರೆಯ ರೂಪದ ಸಾಲವಾಗುತ್ತದೆ. ನಿಮ್ಮಂಥ ಗುರುತಿನವರು ಎಷ್ಟು ಹಾಕುತ್ತಾರೆಂದು ಸಹೋದ್ಯೋಗಿಯನ್ನು ಕೇಳಿ ಅಷ್ಟೇ ಹಾಕಿ. ಪತ್ರಿಕೆಯಲ್ಲಿ ‘ಆಶೀರ್ವಾದವೇ ಉಡುಗೊರೆ’ ಎಂದಿದ್ದರೆ ಒತ್ತಾಯಿಸಬೇಡಿ. ಹೇಗಿದ್ದರೂ ಊಟ ಮಾಡದೆ ಬರಬಾರದು. ಮುಯ್ಯಿ ಮರೆತರೂ ಮರೆಯುತ್ತಾರೆ, ಉಣ್ಣದೆ ಹೋದದ್ದನ್ನು ಮರೆಯುವುದಿಲ್ಲ.

ಗಣೇಶ ಹಬ್ಬ, ರಾಜ್ಯೋತ್ಸವ, ಉರುಸ್, ಊರ ದೇವರ ತೇರು ಎಲ್ಲಕ್ಕೂ ಹುಡುಗರು ಚಂದಾ ಕೇಳಿಕೊಂಡು ಬರುತ್ತಾರೆ. ಓಣಿಯಲ್ಲಿ ಉಳಿದವರು ಕೊಡುವಷ್ಟು ಕೊಟ್ಟು ರಸೀತಿ ಪಡೆಯಿರಿ. ಒಂದಕ್ಕೆ ಕೊಟ್ಟು ಇನ್ನೊಂದಕ್ಕೆ ಇಲ್ಲವೆಂದರೆ ನೀವು ಯಾವ ಕಡೆಯವರೆಂದು ಅಂದೇ ಪಟ್ಟಿಯಾಗುತ್ತದೆ. ಸರ್ಕಾರಿ ಹುದ್ದೆಯಲ್ಲಿರುವವರು, ಪೊಲೀಸ್, ಕಂದಾಯ ಇಲಾಖೆಯವರಂತೂ, ಈ ವಿಷಯದಲ್ಲಿ ಇನ್ನೂ ಜೋಪಾನವಾಗಿರಬೇಕು.

ಸಾವಿನ ಮನೆಗೆ ಹೋಗುವುದು

ಮದುವೆ ತಪ್ಪಿಸಿದರೆ ನಡೆಯುತ್ತದೆ, ಸಾವಿನ ಮನೆ ತಪ್ಪಿಸಬಾರದು. ಓಣಿಯಲ್ಲಿ ಯಾರೇ ತೀರಿಕೊಂಡರೂ ಅಂದೇ ಹೋಗಿ ಹೊರಗೆ ಹತ್ತು ನಿಮಿಷ ನಿಂತು ಬನ್ನಿ. ಮಾತು ಬೇಕಿಲ್ಲ. ಏನಾಗಿತ್ತು, ಯಾವ ಆಸ್ಪತ್ರೆ ಎಂದು ಮನೆಯವರನ್ನು ಕೆದಕಬೇಡಿ. ಹಣ್ಣು, ಸಿಹಿ ಒಯ್ಯಬಾರದು. ಹೊರಡುವಾಗ ‘ಬರ್ತೀನಿ’ ಎನ್ನುವ ರೂಢಿಯಿಲ್ಲ, ಸುಮ್ಮನೆ ಎದ್ದು ಬರುವುದೇ ಕ್ರಮ. ಆ ಮನೆಯಲ್ಲಿ ಅಂದು ಒಲೆ ಹಚ್ಚುವುದಿಲ್ಲ. ಅಕ್ಕಪಕ್ಕದವರು ಸೇರಿ ಅನ್ನ ಸಾರು, ಮಕ್ಕಳಿಗೆ ಹಾಲು, ನೆಂಟರಿಗೆ ಚಹಾ ಹೊಂದಿಸುತ್ತಾರೆ. ‘ನಮ್ಮ ಮನೆಯಿಂದ ಏನು ತರಲಿ?’ ಎಂದು ಓಣಿಯ ಹಿರಿಯರನ್ನು ಕೇಳಿ, ಹೇಳಿದ್ದಷ್ಟೇ ಮಾಡಿ. ಪ್ಲಾಸ್ಟಿಕ್ ಕುರ್ಚಿ, ಒಂದು ಕಾರು, ದೂರದ ಊರಿಂದ ಬರುವವರನ್ನು ಬಸ್‌ಸ್ಟ್ಯಾಂಡಿನಿಂದ ಕರೆತರುವುದು, ಇವೆಲ್ಲ ದೊಡ್ಡ ಉಪಕಾರ. ಹನ್ನೊಂದನೇ ದಿನಕ್ಕೋ ಹದಿಮೂರನೇ ದಿನಕ್ಕೋ ಊಟಕ್ಕೆ ಕರೆದರೆ ಹೋಗಿ. ಹೊಸಬರನ್ನು ಊರು ತನ್ನವರೆಂದು ಎಣಿಸಲು ಶುರು ಮಾಡುವುದು ಬಹಳ ಸಲ ಇಂಥ ದಿನದಿಂದಲೇ.

ಮಾತು

ಧಾರವಾಡ ಕಡೆಯ ‘ರೀ’, ಕುಂದಾಪುರದ ಮೊಟಕು ಮಾತು, ಶಿರಸಿ ಸುತ್ತಿನ ಹವ್ಯಕರ ನುಡಿ, ಸುಳ್ಯದ ಅರೆಭಾಷೆ ಹೀಗೆ ಕನ್ನಡವೇ ನೂರು ಬಗೆ. ಅದರ ಪಕ್ಕದಲ್ಲಿ ತುಳು, ಕೊಂಕಣಿ, ಬ್ಯಾರಿ, ಲಂಬಾಣಿ, ದಖನಿ ಉರ್ದು, ಪಾವಗಡದ ಕಡೆ ತೆಲುಗು. ಇಲ್ಲಿ ಎರಡು ತಪ್ಪು ನಡೆಯುತ್ತದೆ. ಮೊದಲನೆಯದು ಮೂರನೇ ದಿನಕ್ಕೇ ಅವರ ಧಾಟಿಯನ್ನು ಅನುಕರಿಸುವುದು. ಪ್ರೀತಿಯಿಂದ ಮಾಡಿದರೂ ಅಣಕಿಸಿದಂತೆ ಕೇಳುತ್ತದೆ. ಇನ್ನೊಂದು, ‘ನಿಮ್ಮ ಕನ್ನಡ ವಿಚಿತ್ರ’ ಎನ್ನುವುದು. ಮೈಸೂರು, ಬೆಂಗಳೂರು ಕಡೆಯಿಂದ ಹೋದವರ ಬಾಯಿಂದ ಇದು ಸುಲಭವಾಗಿ ಬರುತ್ತದೆ, ಕೇಳಿದವರ ಮನಸ್ಸಿನಲ್ಲಿ ಬಹಳ ಕಾಲ ಉಳಿಯುತ್ತದೆ. ನಿಮ್ಮ ಕನ್ನಡ ನಿಮಗಿರಲಿ. ಮೊದಲು ಅವರ ಶಬ್ದಗಳನ್ನು ಕಲಿಯಿರಿ: ತರಕಾರಿಯ ಹೆಸರು, ಅಳತೆ, ಹಿರಿಯರನ್ನು ಕರೆಯುವ ಬಗೆ. ಬಹುವಚನ ಬಿಡಬೇಡಿ. ಉತ್ತರ ಕರ್ನಾಟಕದಲ್ಲಿ ‘ರೀ’ ಇಲ್ಲದ ಮಾತು ಒರಟಾಗಿ ಕೇಳುತ್ತದೆ, ಅದೊಂದನ್ನು ಬೇಗ ರೂಢಿಸಿಕೊಳ್ಳಬಹುದು. ತುಳುನಾಡಿಗೆ ಹೋದವರು ತುಳುವಿನಲ್ಲಿ ಊಟ, ಕ್ಷೇಮ ವಿಚಾರಿಸುವಷ್ಟು ಕಲಿತರೂ ಅಂಗಡಿಯವರ ಮುಖ ಅರಳುತ್ತದೆ.

‘ಇಲ್ಲಿ ಏನೂ ಸಿಗಲ್ಲ’ ಎಂಬ ಮಾತನ್ನು ಮೊದಲ ವರ್ಷ ಬಾಯಿಗೆ ತಂದುಕೊಳ್ಳಬೇಡಿ. ಸಿಗದಿರುವುದು ನಿಜವೇ ಇರಬಹುದು. ಅದನ್ನು ಹೇಳುವ ಹಕ್ಕು ಊರಿನವರಿಗೆ ಮೊದಲು.

ಹೊರಬಹುದಾದ ಕೆಲಸ

ನಾಲ್ಕನೇ ತಿಂಗಳಿನಿಂದ ಯಾವುದಾದರೂ ಒಂದಕ್ಕೆ ಕೈ ಹಾಕಿ. ಶುರು ಮತ್ತು ಕೊನೆ ಗೊತ್ತಿರುವ, ಎರಡು ಮೂರು ದಿನದ ಕೆಲಸವಿರಲಿ. 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತಿಗೆ ತಾಲ್ಲೂಕುಗಳಲ್ಲಿ ಘಟಕಗಳಿವೆ. ತಾಲ್ಲೂಕು ಸಮ್ಮೇಳನ ಹತ್ತಿರ ಬಂದಾಗ ಪುಸ್ತಕ ಮಳಿಗೆ ನೋಡಿಕೊಳ್ಳಲು, ಊಟದ ಕೂಪನ್ ಹಂಚಲು ಜನ ಸಾಲುವುದಿಲ್ಲ. ಹೆಗ್ಗೋಡಿನ ರಂಗಸಂಸ್ಥೆ ನೀನಾಸಂ 1985ರಿಂದ ನಡೆಸುತ್ತಿರುವ ‘ತಿರುಗಾಟ’ ಸಣ್ಣ ಊರುಗಳಿಗೆ ನಾಟಕ ತರುತ್ತದೆ. ಬರಮಾಡಿಕೊಳ್ಳುವ ಸ್ಥಳೀಯ ಸಂಘಕ್ಕೆ ಟಿಕೆಟ್ ಮಾರುವುದು, ಕಲಾವಿದರ ಊಟ ವಸತಿ ಹೊಂದಿಸುವುದು, ಕುರ್ಚಿ ಹಾಕಿಸುವುದು ತಲೆನೋವಿನ ಕೆಲಸ. ಐವತ್ತು ಟಿಕೆಟಿನ ಒಂದು ಪುಸ್ತಕವನ್ನು ನಿಮ್ಮ ಕಚೇರಿಗೆ ತನ್ನಿ. ಅದನ್ನು ಮಾರಿ ಮುಗಿಸುವಷ್ಟರಲ್ಲಿ ಊರಿನ ಐವತ್ತು ಜನರ ಜೊತೆ ಮಾತಾಡಿರುತ್ತೀರಿ.

ರಕ್ತದಾನಿಗಳ ಪಟ್ಟಿಯಲ್ಲಿ ಹೆಸರು ಬರೆಸುವುದು ಇನ್ನೊಂದು. ತಾಲ್ಲೂಕು ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಇರುವುದು ರಕ್ತ ಶೇಖರಣಾ ಘಟಕ. ರಕ್ತನಿಧಿ ಜಿಲ್ಲಾ ಕೇಂದ್ರದಲ್ಲಿ. ಹಾಗಾಗಿ ತುರ್ತಿಗೆ ಕರೆದರೆ ಬರುವವರಿಗೆ ಬಹಳ ಬೆಲೆ. 18 ವರ್ಷ ದಾಟಿರಬೇಕು, ತೂಕ 45 ಕಿಲೋ, ಹಿಮೋಗ್ಲೋಬಿನ್ 12.5 ಇರಬೇಕು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು.

ಪದಾಧಿಕಾರಿ ಆಗಲು ಮಾತ್ರ ಒಪ್ಪಬೇಡಿ. ಓದುಬರಹ ಬಲ್ಲ ಹೊಸಬರನ್ನು ಕಾರ್ಯದರ್ಶಿ ಮಾಡಲು ಎಲ್ಲ ಸಂಘಗಳಿಗೂ ಆಸೆ. ಪ್ರತಿ ಊರಿನ ದೇವಸ್ಥಾನ ಸಮಿತಿಯಲ್ಲಿ, ಸಹಕಾರ ಸಂಘದಲ್ಲಿ, ಕ್ರೀಡಾ ಸಂಘದಲ್ಲಿ ಕೂಡ ಎರಡು ಬಣಗಳಿರುತ್ತವೆ. ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ, ಯಾಕೆ ಬಿಟ್ಟಿದ್ದಾರೆ ಎಂಬುದು ತಿಳಿಯಲು ಒಂದು ವರ್ಷವಾದರೂ ಬೇಕು. ಅಷ್ಟರೊಳಗೆ ಹುದ್ದೆ ಹಿಡಿದವರು ಒಂದು ಬಣದ ಪಾಲಾಗುತ್ತಾರೆ, ಇನ್ನೊಂದು ಬಣದ ಮನೆಗಳು ಮುಚ್ಚಿಕೊಳ್ಳುತ್ತವೆ. ‘ಈ ವರ್ಷ ಕೆಲಸ ಮಾಡ್ತೀನಿ, ಹೆಸರು ಬೇಡ’ ಎಂದುಬಿಡಿ. ಒಬ್ಬರ ಮನೆಯಲ್ಲಿ ಕೇಳಿದ್ದನ್ನು ಇನ್ನೊಬ್ಬರ ಮನೆಗೆ ಒಯ್ಯಬೇಡಿ. ಸಾಲ ಕೊಡುವುದು, ಜಾಮೀನು ನಿಲ್ಲುವುದೂ ಮೊದಲ ವರ್ಷ ಬೇಡ.

ಶುಕ್ರವಾರ ಸಂಜೆಯ ಬಸ್ಸು

ಇಷ್ಟೆಲ್ಲ ಮಾಡಿದರೂ ಕೆಡಿಸುವುದು ಇದೊಂದೇ. ಪ್ರತಿ ಶುಕ್ರವಾರ ಬೆಂಗಳೂರಿಗೋ ಹುಬ್ಬಳ್ಳಿಗೋ ಹೊರಟು ಸೋಮವಾರ ಬೆಳಿಗ್ಗೆ ಇಳಿಯುವವರು ಐದು ದಿನ ಕಚೇರಿಯಲ್ಲಿ ಬಿಟ್ಟರೆ ಎಲ್ಲೂ ಕಾಣಿಸುವುದಿಲ್ಲ. ಮದುವೆ, ಆಟ, ನಾಟಕ, ಹೊಲಕ್ಕೆ ಊಟಕ್ಕೆ ಕರೆಯುವುದು ಎಲ್ಲ ನಡೆಯುವುದು ಶನಿವಾರ ಭಾನುವಾರ. ತಿಂಗಳ ನಾಲ್ಕು ವಾರಾಂತ್ಯದಲ್ಲಿ ಎರಡನ್ನಾದರೂ ಊರಿಗೆ ಕೊಡಿ. ವಯಸ್ಸಾದ ತಂದೆತಾಯಿ ಬೇರೆ ಊರಿನಲ್ಲಿದ್ದು ಹೋಗಲೇಬೇಕಾದವರು ಒಂದೆರಡು ಸಲ ಅವರನ್ನೇ ಇಲ್ಲಿಗೆ ಕರೆಸಿಕೊಳ್ಳಿ. ಹಿರಿಯರು ಜಗಲಿಯಲ್ಲಿ ಕೂತರೆ ಓಣಿಯೇ ಮಾತಾಡಿಸಲು ಬರುತ್ತದೆ.

ಮೊದಲ ಮೂರು ತಿಂಗಳ ಸಂಜೆಗಳು ಭಾರವಾಗಿರುವುದು ಸಹಜ. ನಿದ್ದೆ, ಊಟ ಎರಡೂ ಕೆಟ್ಟು ಎರಡು ವಾರ ದಾಟಿದರೆ ಅದನ್ನು ಒಂಟಿತನವೆಂದು ತಳ್ಳಿಹಾಕಬೇಡಿ. ಮಾನಸಿಕ ಆರೋಗ್ಯದ ಟೆಲಿ-ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಶುಲ್ಕವಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ‘ಮನೋಚೈತನ್ಯ’ ಕಾರ್ಯಕ್ರಮದಡಿ ಮನೋವೈದ್ಯರು ಬರುವ ಮಂಗಳವಾರ ಯಾವುದೆಂದು ವಿಚಾರಿಸಿ.

ಕಾಗದಪತ್ರದಲ್ಲಿ ಒಂದನ್ನು ಮರೆಯಬೇಡಿ. ಮತದಾರರ ಪಟ್ಟಿಯ ಹೆಸರನ್ನು ಫಾರ್ಮ್ 8 ತುಂಬಿ ಹೊಸ ವಿಳಾಸಕ್ಕೆ ವರ್ಗಾಯಿಸಿ. ಹೊಸ ವಿಳಾಸದ ಒಂದು ದಾಖಲೆ ಸಾಕು, ಸಹಾಯವಾಣಿ 1950. ಪರಿಶೀಲನೆಗೆ ಮನೆಗೆ ಬರುವ ಬೂತ್ ಅಧಿಕಾರಿ ಸಾಮಾನ್ಯವಾಗಿ ಅಂಗನವಾಡಿ ಕಾರ್ಯಕರ್ತೆಯೋ ಶಾಲೆಯ ಶಿಕ್ಷಕರೋ ಆಗಿರುತ್ತಾರೆ. ಕೂರಿಸಿ ಮಾತಾಡಿಸಿ, ವಾರ್ಡಿನ ಮನೆ ಮನೆಯೂ ಅವರಿಗೆ ಗೊತ್ತು. ಬೀದಿದೀಪ, ಚರಂಡಿಗೆಂದು ವಾರ್ಡ್ ಸದಸ್ಯರ ಹತ್ತಿರ ಹೋದಾಗ ಇಲ್ಲಿನ ಮತದಾರರಾಗಿದ್ದರೆ ಕೇಳುವ ದನಿಯೇ ಬೇರೆ.

ಊರಿನ ಪಂಚಾಂಗ

ಅಂಗಡಿಯಲ್ಲಿ ಒಂದು ಕನ್ನಡ ಕ್ಯಾಲೆಂಡರ್ ಇಸಿದುಕೊಂಡು ಊರಿನ ದಿನಗಳನ್ನು ಗುರುತು ಮಾಡಿ. ವಿಜಯಪುರ, ಕಲಬುರಗಿ ಕಡೆ ಎಳ್ಳಮಾವಾಸ್ಯೆಗೆ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಭಜ್ಜಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ, ಅಂದರೆ ಅಡುಗೆಯನ್ನು ಬೆಳೆಗೆ ಎಡೆಯಾಗಿ ಎರಚುತ್ತಾರೆ. ಕರೆದರೆ ರಜೆ ಹಾಕಿಯಾದರೂ ಹೋಗಿ. ಹೋಗುವಾಗ ಕುಡಿಯುವ ನೀರಿನ ಕ್ಯಾನು, ಮಕ್ಕಳಿಗೆ ಟೋಪಿ ಒಯ್ಯಿರಿ. ದಸರೆಯ ದಿನ ಬನ್ನಿ ಎಲೆ ಹಿಡಿದು ಮನೆಗೆ ಬರುವವರಿಗೆ ‘ಬನ್ನಿ ತಗೊಂಡು ಬಂಗಾರದಂಗ ಇರೋಣ’ ಎಂದು ತಿರುಗಿ ಕೊಡಲು ನಿಮ್ಮ ಹತ್ತಿರವೂ ಬನ್ನಿ ಇರಬೇಕು. ಬೆಳಿಗ್ಗೆಯೇ ಒಂದು ಟೊಂಗೆ ತಂದಿಡಿ. ದಕ್ಷಿಣದ ಊರಾದರೆ ಸಂಕ್ರಾಂತಿಯ ಎಳ್ಳು ಬೀರುವ ದಿನ, ವರಮಹಾಲಕ್ಷ್ಮಿಯ ಅರಿಶಿನ ಕುಂಕುಮ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಂಥ ಕಡೆ ಮೊಹರಂ ಇಡೀ ಊರಿನದು. ಕರಾವಳಿಯಲ್ಲಿ ನವೆಂಬರಿನಿಂದ ಮೇವರೆಗೆ ಹರಕೆಯ ಯಕ್ಷಗಾನ ಬಯಲಾಟಗಳು ನಡೆಯುತ್ತವೆ. ಯಾರ ಹರಕೆಯಾದರೂ ಊರಿಗೆಲ್ಲ ಮುಕ್ತ, ರಾತ್ರಿ ಊಟವೂ ಇರುತ್ತದೆ.

ಜಾತ್ರೆಯ ದಿನಾಂಕ ಮೊದಲೇ ಕೇಳಿಕೊಳ್ಳಬೇಕು, ಏಕೆಂದರೆ ಎಲ್ಲ ಕಡೆ ವರ್ಷಕ್ಕೊಮ್ಮೆ ಬರುವುದಿಲ್ಲ. ಶಿರಸಿಯ ಮಾರಿಕಾಂಬೆಯದು ಎರಡು ವರ್ಷಕ್ಕೊಮ್ಮೆ, ಸಾಗರದ್ದು ಮೂರು ವರ್ಷಕ್ಕೊಮ್ಮೆ. ನಿಮ್ಮ ಅವಧಿಯಲ್ಲಿ ಅದು ಒಂದೇ ಸಲ ಸಿಗಬಹುದು. ಕೊಪ್ಪಳದ ಗವಿಮಠದ ಜಾತ್ರೆಗೆ ಸುತ್ತಲ ಊರುಗಳಿಂದ ದಾಸೋಹಕ್ಕೆ ರೊಟ್ಟಿ ಬರುತ್ತದೆ. ಓಣಿಯಲ್ಲಿ ರೊಟ್ಟಿ ಬಡಿಯಲು ಕೂತರೆ ನೀವೂ ಹಿಟ್ಟು ಹಿಡಿದು ಹೋಗಿ. ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಯಲ್ಲಿ ನಾಟಕ ಕಂಪನಿಗಳು ಬೀಡು ಬಿಡುತ್ತವೆ. ಓಣಿಯವರ ಜೊತೆ ಒಂದು ರಾತ್ರಿ ನಾಟಕಕ್ಕೆ ಕೂರಿ.

ಮೊದಲ ಜಾತ್ರೆಗೆ ನಿಮ್ಮ ಕಡೆಯ ನೆಂಟರನ್ನು ಕರೆಸಿ. ಊರಿನ ಪ್ರತಿ ಮನೆಯಲ್ಲೂ ನೆಂಟರಿರುವ ಹೊತ್ತಿನಲ್ಲಿ ನಿಮ್ಮ ಮನೆ ಬೀಗ ಹಾಕಿಕೊಂಡಿರಬಾರದು. ಎಂಟು ಹತ್ತು ಜನ ಬರುವುದಾದರೆ ಎರಡನೇ ಗ್ಯಾಸ್ ಸಿಲಿಂಡರ್ ತಿಂಗಳು ಮೊದಲೇ ತುಂಬಿಸಿಡಿ, ಜಾತ್ರೆಯ ವಾರ ಬುಕ್ ಮಾಡಿದರೆ ತಡವಾಗುತ್ತದೆ. ನೀರಿಗೆ ಒಂದು ಡ್ರಮ್ಮು ಹೆಚ್ಚು ತುಂಬಿಸಿ. ಹಾಸಿಗೆ, ದೊಡ್ಡ ಪಾತ್ರೆ ಕೊಳ್ಳಲು ಹೋಗದೆ ಓಣಿಯಲ್ಲೇ ಕೇಳಿ ಪಡೆಯಿರಿ. ಪಾತ್ರೆಯ ಕಂಠದಲ್ಲಿ ಮನೆಯವರ ಹೆಸರು ಕೆತ್ತಿರುತ್ತದೆ, ತಿರುಗಿ ಕೊಡುವಾಗ ಅದಲುಬದಲಾಗದಂತೆ ಯಾರದೆಷ್ಟು ಎಂದು ಬರೆದಿಟ್ಟುಕೊಳ್ಳಿ. ತೇರು ಎಳೆಯುವ ದಿನ ಕಾರು ಹೊರತೆಗೆಯುವ ಯೋಚನೆ ಬೇಡ, ಸಂಜೆಯವರೆಗೆ ರಸ್ತೆ ಬಿಡುವುದಿಲ್ಲ. ಬಂದ ನೆಂಟರನ್ನು ನಿಮ್ಮ ಸಂತೆಯವರಿಗೆ, ಟೈಲರಿಗೆ, ಖಾನಾವಳಿಯವರಿಗೆ ಪರಿಚಯಿಸಿ. ಪಾತ್ರೆಗಳನ್ನು ಮೂರು ದಿನದೊಳಗೆ ಹಿಂದಿರುಗಿಸಿ, ಒಳಗೆ ಜಾತ್ರೆಯ ಬೆಂಡು ಬತ್ತಾಸು ಹಾಕಿ.